ಕಾರಿನ ಮೀಟರು ಸುಳ್ಳು ಹೇಳಿದಾಗ

ಮೂವತ್ತು ವರ್ಷಗಳ ಅಧ್ಯಾಪನ ವೃತ್ತಿಯಲ್ಲಿ ನಾನು ಅತ್ಯಂತ ಜಾಗರೂಕತೆಯಿಂದ ಕಾಪಾಡಿಕೊಂಡು ಬಂದ ವಸ್ತು ಯಾವುದೆಂದು ಯಾರಾದರೂ ಕೇಳಿದರೆ, ಶಾಲೆಯ ಪ್ರವೇಶ ದಾಖಲೆಯ ಪುಸ್ತಕವೆಂದೇ ಹೇಳಬೇಕಾದೀತು. ಮಗುವಿನ ಜನ್ಮ ದಿನಾಂಕವನ್ನು ಒಮ್ಮೆ ಅದರಲ್ಲಿ ಬರೆದ ಮೇಲೆ ತನ್ನಷ್ಟಕ್ಕೆ ತಿದ್ದುವ ಅಧಿಕಾರ ಮುಖ್ಯೋಪಾಧ್ಯಾಯನಿಗೂ ಇಲ್ಲ. "ಒಂದು ವರ್ಷ ಆಚೀಚೆ ಮಾಡಿ ಕೊಡಿ ಮಾಷ್ಟ್ರೇ, ಯಾರಿಗೆ ಗೊತ್ತಾಗುತ್ತದೆ?" ಎಂದು ಬಂದ ಹತ್ತಿರದ ನೆಂಟರನ್ನೂ ನಿಷ್ಠುರ ಕಟ್ಟಿಕೊಂಡು ಹಿಂದೆ ಕಳುಹಿಸಿದ್ದೇನೆ. ಅಂಥ ನಾನೇ ವಯಸ್ಸು ತಿದ್ದಿದ ಕಾರೊಂದನ್ನು ಭವಿಷ್ಯನಿಧಿಯ ಹಣ ತೆಗೆದು ಕೊಂಡು ತಂದು, ಐದು ತಿಂಗಳ ಕಾಲ ಸಂತೋಷದಿಂದ ಓಡಿಸಿದೆ. ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ನಮ್ಮ ಗಡಿನಾಡಿನ ಮನೆಗಳಲ್ಲಿ ಇಂದು ಹಳೆಯ ಕಾರು ಕೊಳ್ಳುವವರು ಅನೇಕರು. ಅವರಲ್ಲಿ ಮಂಗಳೂರಿಗೆ ಹೋಗಿ ಕೊಂಡು ತರುವವರೂ ಕಡಿಮೆಯಲ್ಲ. ನಾಲ್ಕು ಮಂದಿಗಾದರೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಕಾರು ಕೊಳ್ಳಬೇಕೆಂಬ ಆಸೆ ನನಗೆ ಮೊದಲಿನಿಂದ ಇದ್ದುದಲ್ಲ. ಕಾಸರಗೋಡಿನ ಜನರಿಗೆ ದೊಡ್ಡ ಕಾಯಿಲೆಯೆಂದರೆ ಮಂಗಳೂರಿನ ಆಸ್ಪತ್ರೆ; ಇದು ನಮ್ಮ ಅಜ್ಜಂದಿರ ಕಾಲದಿಂದ ನಡೆದು ಬಂದ ಕ್ರಮ. 2020ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿ, ರೋಗಿಗಳನ್ನು ಹೊತ್ತ ಆಂಬುಲೆನ್ಸುಗಳೂ ಹಿಂದಿರುಗಬೇಕಾಗಿ ಬಂದ ದಿನಗಳನ್ನು ಈ ಪತ್ರಿಕೆಯ ಓದುಗರು ಮರೆತಿರಲಾರರು. ಗಡಿ ತೆರೆದ ಮೇಲೂ, ಹೃದಯದ ತೊಂದರೆಯಿರುವ ನನ್ನ ತಾಯಿಯವರನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ಕರೆದೊಯ್ಯುವ ಧೈರ್ಯ ನಮಗೆ ಬರಲಿಲ್ಲ. ತಿಂಗಳಿಗೆ ಎರಡು ಸಲ ಬಾಡಿಗೆ ಕಾರಿಗೆ ಕೊಡುವ ಹಣವನ್ನು ಕೂಡಿಸಿ ನೋಡಿದಾಗ ಸ್ವಂತದ್ದೊಂದು ಇದ್ದರಾಗುತ್ತಿತ್ತು ಎಂದು ಮನೆಯವರೆಲ್ಲರಿಗೂ ತೋರಿತು. ಹೊಸ ಕಾರಿಗೆ ನಮ್ಮ ಕೈ ಎಟುಕುವಂತಿರಲಿಲ್ಲ.

2023ರ ಜನವರಿಯಲ್ಲಿ ಅಕ್ಕನ ಮಗನನ್ನು ಜೊತೆಗೆ ಕರೆದುಕೊಂಡು ಮಂಗಳೂರಿನ ಹೊರವಲಯದ ಒಂದು ಅಂಗಡಿಗೆ ಹೋದೆ. ಅಂಗಡಿಯವರು ಬಹಳ ಸಜ್ಜನರಂತೆ ಕಂಡರು. ಕುಳ್ಳಿರಿಸಿ ಚಹಾ ತರಿಸಿ, ನಾನು ಮಾಷ್ಟ್ರೆಂದು ತಿಳಿದೊಡನೆ ತಾವು ಕಲಿತ ಶಾಲೆಯ ಸುದ್ದಿಯನ್ನೆಲ್ಲ ತುಳುವಿನಲ್ಲಿ ಹೇಳಿದರು. 2014ರಲ್ಲಿ ನೋಂದಣಿಯಾದ ಒಂದು ಬಿಳಿಯ ಡೀಸಿಲ್ ಕಾರು. ಮೀಟರಿನಲ್ಲಿ 58,320 ಕಿಲೋಮೀಟರು. ವೈದ್ಯರೊಬ್ಬರು ಇಟ್ಟುಕೊಂಡಿದ್ದದ್ದು, ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ, ಅಷ್ಟೇ ಓಟ ಎಂದರು. (ಈಚೆಗೆ ವಿಚಾರಿಸಿದಾಗ, ಹಳೆಯ ಕಾರು ಕೊಂಡ ನನ್ನ ಪರಿಚಿತರಲ್ಲಿ ಇನ್ನೂ ಮೂವರಿಗೆ ಸಿಕ್ಕಿದ್ದು ವೈದ್ಯರ ಕಾರೇ ಎಂದು ತಿಳಿಯಿತು. ಮಂಗಳೂರಿನಲ್ಲಿ ವೈದ್ಯರು ಹೆಚ್ಚೆಂಬುದು ನಿಜವಾದರೂ ಇದು ಸ್ವಲ್ಪ ಅತಿಯಾಯಿತು.) ಸೀಟುಗಳಿಗೆ ಹೊಸ ಹೊದಿಕೆ, ಸ್ಟಿಯರಿಂಗ್ ಚಕ್ರಕ್ಕೂ ಹೊಸ ಹೊದಿಕೆ, ಒಳಗೆ ಸುಗಂಧ. 3,85,000 ರೂಪಾಯಿಗೆ ಮಾತು ಮುಗಿಯಿತು. ಅಳಿಯನ ಒತ್ತಾಯಕ್ಕೆ ಬಿಲ್ಲಿನಲ್ಲಿ ಮೀಟರಿನ ಅಂಕೆಯನ್ನೂ ಬರೆಸಿಕೊಂಡೆವು. ಆ ಹುಡುಗ ಅಂದು ತೋರಿದ ವಿವೇಕ ಅದೊಂದೇ. ನಾನಂತೂ ಅದನ್ನೂ ತೋರಿರಲಿಲ್ಲ.

ಐದನೆಯ ತರಗತಿಯ ಮಕ್ಕಳಿಗೆ ನಾನು ದಿನವೂ ಹಾಕುವಂಥ ಲೆಕ್ಕವೊಂದನ್ನು ಅಲ್ಲಿ ಹಾಕಿದ್ದರೆ ಸಾಕಿತ್ತು. ಎಂಟೂವರೆ ವರ್ಷಗಳಲ್ಲಿ 58,320 ಕಿಲೋಮೀಟರೆಂದರೆ ದಿನಕ್ಕೆ ಸರಾಸರಿ 19. ದಿನಕ್ಕೆ 19 ಕಿಲೋಮೀಟರು ಓಡಿಸುವವನು ಹೆಚ್ಚು ಬೆಲೆ ಕೊಟ್ಟು ಡೀಸಿಲ್ ಕಾರನ್ನು ಏಕೆ ಕೊಂಡಾನು? ಬಹಳ ದೂರ ಓಡಿಸುವವರಿಗಷ್ಟೇ ಡೀಸಿಲಿನ ಉಳಿತಾಯದಿಂದ ಆ ಹೆಚ್ಚುವರಿ ಬೆಲೆ ಹಿಂದಕ್ಕೆ ಬರುವುದು. ಲೆಕ್ಕ ತಪ್ಪಲಿಲ್ಲ, ಲೆಕ್ಕ ಮಾಡುವ ಮನಸ್ಸೇ ಬರಲಿಲ್ಲ. ಚೆನ್ನಾಗಿ ತೊಳೆದು ನಿಲ್ಲಿಸಿದ ಕಾರಿನ ಮುಂದೆ ಮನುಷ್ಯನ ಬುದ್ಧಿ ಹಾಗೆಯೇ ಇರುತ್ತದೆಂದು ಕಾಣುತ್ತದೆ.

ಕರ್ನಾಟಕದ ನಿರಾಕ್ಷೇಪಣಾ ಪತ್ರ ತರಿಸಿ, ಕೇರಳದ ತೆರಿಗೆ ಕಟ್ಟಿ, ಮೇ ತಿಂಗಳಿನಲ್ಲಿ ಕಾರಿಗೆ ಕೆ.ಎಲ್. 14ರ ಹೊಸ ನಂಬ್ರ ದೊರೆಯಿತು. ಜೂನಿನಲ್ಲಿ ಶಾಲೆ ತೆರೆಯಿತು, ಮಳೆಯೂ ಹಿಡಿಯಿತು. ಒಂದು ಸಂಜೆ ಆಸ್ಪತ್ರೆಯಿಂದ ಹಿಂದಿರುಗುವಾಗ ಕಲ್ಲಡ್ಕ, ವಿಟ್ಲದ ದಾರಿಯಾಗಿ ಬಂದು ಅಡ್ಯನಡ್ಕ ದಾಟಿ ಸಾರಡ್ಕವನ್ನು ಸಮೀಪಿಸುತ್ತಿದ್ದೆವು. ಏರಿನಲ್ಲಿ ಎಂಜಿನು ಗರ್ಜಿಸುತ್ತದೆ, ಕಾರು ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಸುಟ್ಟ ವಾಸನೆ ಒಳಗೆ ತುಂಬಿತು. ಹೊರಗೆ ಜಡಿಮಳೆ, ಕತ್ತಲೆ. ಹಿಂದಿನ ಸೀಟಿನಲ್ಲಿ ತಾಯಿಯವರು. "ಏನಾಯಿತು ಮಗಾ?" ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಬಂದ ಜೀಪಿನವರೊಬ್ಬರು ಅವರನ್ನು ಜೋಪಾನವಾಗಿ ಮನೆಗೆ ಮುಟ್ಟಿಸಿದರು. ಬಾಡಿಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಮರುದಿನ ಕಾರನ್ನು ಎಳೆಸಿಕೊಂಡು ಬದಿಯಡ್ಕದ ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿಯ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ದಶಮಾಂಶದ ಲೆಕ್ಕಕ್ಕೆ ನನ್ನಿಂದ ಹಲವು ಸಲ ಬೈಸಿಕೊಂಡವನು. ಕ್ಲಚ್ಚಿನ ತಟ್ಟೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾಷ್ಟ್ರೇ, ಇದು ಎಷ್ಟು ಓಡಿದ ಗಾಡಿ ಎಂದು ಹೇಳಿದರು ನಿಮಗೆ?" ಎಂದು ಕೇಳಿದ. ನಾನು ಹೇಳಿದ ಅಂಕೆಯನ್ನು ಕೇಳಿ ಅವನು ನಗಲಿಲ್ಲ, ಅದು ಅವನ ದೊಡ್ಡಗುಣ. ಬ್ರೇಕಿನ ಪೆಡಲಿನ ರಬ್ಬರು ಒಂದು ಮಗ್ಗುಲಿಗೆ ಸವೆದು ನುಣುಪಾದುದನ್ನು ತೋರಿಸಿದ. ಸ್ಟಿಯರಿಂಗಿನ ಹೊಸ ಹೊದಿಕೆಯನ್ನು ಬಿಡಿಸಿದಾಗ ಒಳಗಿನ ಚಕ್ರ ನಮ್ಮ ಶಾಲೆಯ ಹಳೆಯ ಬೆಂಚಿನಂತೆ ಹೊಳೆಯುತ್ತಿತ್ತು. ಚಾಲಕನ ಬದಿಯ ಸೀಟಿನ ಅಂಚು ಕುಸಿದಿತ್ತು. ಕೊನೆಗೆ ಬಾನೆಟ್ಟಿನ ಕೆಳಗೆ, ಎಣ್ಣೆಮಸಿಯ ಹಿಂದೆ, ಯಾರೋ ಅಂಟಿಸಿದ್ದ ಪುಟ್ಟ ಚೀಟಿಯೊಂದನ್ನು ಅವನು ಬಟ್ಟೆಯಿಂದ ಉಜ್ಜಿ ಓದಿಸಿದ. ಎಂಜಿನ್ ಆಯಿಲ್ ಬದಲಾಯಿಸಿದ ದಿನಾಂಕ 2020ರದು; ಅದರ ಪಕ್ಕದಲ್ಲಿ 1,12,400 ಎಂದಿತ್ತು. 2020ರಲ್ಲಿ ಒಂದು ಲಕ್ಷ ಹನ್ನೆರಡು ಸಾವಿರ ಓಡಿದ ಕಾರು 2023ರಲ್ಲಿ ಐವತ್ತೆಂಟು ಸಾವಿರಕ್ಕೆ ಇಳಿಯುವುದು ಯಾವ ಗಣಿತದಲ್ಲಿಯೂ ಸಾಧ್ಯವಿಲ್ಲ.

ಓಡಿದ ದೂರವನ್ನು ಯಂತ್ರದಿಂದ ಎಣಿಸುವ ವಿದ್ಯೆ ಬಹು ಪುರಾತನವಾದದ್ದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ಶಿಲ್ಪಿ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದಲ್ಲಿ ಇಂಥ ಗಾಡಿಯೊಂದನ್ನು ವರ್ಣಿಸಿದ್ದಾನೆ. ಚಕ್ರ 400 ಸುತ್ತು ತಿರುಗಿದರೆ ಒಂದು ರೋಮನ್ ಮೈಲು, ಎಂದರೆ 5,000 ಅಡಿ. ಆಗ ಹಲ್ಲಿನ ಚಕ್ರಗಳ ಮೂಲಕ ಒಂದು ಕಲ್ಲು ಕೆಳಗಿನ ಪಾತ್ರೆಗೆ ಬೀಳುತ್ತದೆ. ಸಂಜೆ ಕಲ್ಲುಗಳನ್ನು ಎಣಿಸಿದರೆ ದಿನದ ಪಯಣ ತಿಳಿಯಿತು. ಪಾತ್ರೆಯಿಂದ ಎರಡು ಕಲ್ಲು ಎತ್ತಿಹಾಕುವ ಬುದ್ಧಿ ಅಂದೂ ಯಾರಿಗಾದರೂ ಬಂದಿರಬಹುದು.

ನಾವು ಚಿಕ್ಕವರಾಗಿದ್ದಾಗ ಕಂಡ ಅಂಬಾಸಿಡರು ಕಾರುಗಳ ಮೀಟರಿನಲ್ಲಿ ಅಂಕೆಗಳನ್ನು ಬರೆದ ಸಣ್ಣ ಗಾಲಿಗಳಿರುತ್ತಿದ್ದವು. ಗೇರುಪೆಟ್ಟಿಗೆಯಿಂದ ಬಂದ ತಂತಿಯೊಂದು ಅವನ್ನು ತಿರುಗಿಸುತ್ತಿತ್ತು. ಒಂದು ಗಾಲಿ ಪೂರ್ತಿ ಸುತ್ತಿದರೆ ಪಕ್ಕದ್ದು ಒಂದು ಮನೆ ಮುಂದಕ್ಕೆ. ಬಿಡಿ, ಹತ್ತು, ನೂರು ಎಂಬ ಸ್ಥಾನಬೆಲೆಯನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಉಪಕರಣ ಬೇರೆ ಬೇಡ. ಅವನ್ನೂ ತಿರುಗಿಸುವವರಿದ್ದರು. ತಂತಿಯನ್ನು ಕಳಚಿಟ್ಟು ಓಡಿಸುವುದುಂಟು, ಮೀಟರನ್ನು ಬಿಚ್ಚಿ ಗಾಲಿಗಳನ್ನು ಕೈಯಿಂದ ಹಿಂದಕ್ಕೆ ಸರಿಸುವುದೂ ಉಂಟು. ಆದರೆ ಅಂಥ ಕೆಲಸ ಕುರುಹು ಉಳಿಸುತ್ತಿತ್ತು: ಅಂಕೆಗಳು ಒಂದೇ ಸಾಲಿನಲ್ಲಿ ನಿಲ್ಲದೆ ಓರೆಕೋರೆಯಾಗುತ್ತಿದ್ದವು, ತಿರುಪುಗಳ ಮೇಲೆ ಗೀರು ಬೀಳುತ್ತಿತ್ತು. ಈಗಿನ ಕಾರುಗಳಲ್ಲಿ ಗಾಲಿಯೂ ಇಲ್ಲ, ತಂತಿಯೂ ಇಲ್ಲ. ಚಕ್ರದ ತಿರುಗುವಿಕೆಯನ್ನು ಸಂವೇದಕವೊಂದು ಎಣಿಸಿ ಕಳುಹಿಸುತ್ತದೆ. ಮೊತ್ತವು ಮೀಟರಿನ ಹಿಂದಿನ ಬೆರಳುಗುರಿನಷ್ಟು ದೊಡ್ಡ ಚಿಪ್ಪಿನ ನೆನಪಿನಲ್ಲಿರುತ್ತದೆ. ಕೆಟ್ಟ ಮೀಟರನ್ನು ಬದಲಾಯಿಸಿದಾಗ ಹೊಸದರಲ್ಲಿ ಹಳೆಯ ಅಂಕೆಯನ್ನು ತುಂಬುವುದಕ್ಕಾಗಿ ಉಪಕರಣಗಳಿವೆ. ಅದೇ ಉಪಕರಣವನ್ನು ಹಿಡಿದು ಬೇಕಾದ ಅಂಕೆಯನ್ನು ಬರೆಯಬಹುದು. ಕುಳಿತ ಎಡೆಯಲ್ಲಿ ಕೆಲವೇ ನಿಮಿಷಗಳ ಕೆಲಸ, ಗೀರಿಲ್ಲ, ಓರೆಯಿಲ್ಲ. ಕೆಲವು ಕಾರುಗಳಲ್ಲಿ ಎಂಜಿನನ್ನು ನಿಯಂತ್ರಿಸುವ ಕಂಪ್ಯೂಟರಿನಲ್ಲಿಯೂ ದೂರದ ಲೆಕ್ಕ ಪ್ರತ್ಯೇಕವಾಗಿ ಉಳಿದಿರುತ್ತದಾದ್ದರಿಂದ, ಎರಡನ್ನೂ ಹೋಲಿಸಿ ನೋಡಬಲ್ಲ ಮೆಕ್ಯಾನಿಕ್ ಸಿಕ್ಕಿದರೆ ಕಳ್ಳತನ ಹೊರಬೀಳುತ್ತದೆ.

ಅಂಕೆ ತಪ್ಪಿದರೆ ನಷ್ಟ ಹಣದ್ದು ಮಾತ್ರವೆಂದು ತಿಳಿಯಬಾರದು. ಯಾವ ಭಾಗವನ್ನು ಯಾವಾಗ ಬದಲಾಯಿಸಬೇಕೆಂಬುದು ಓಡಿದ ದೂರವನ್ನು ಅವಲಂಬಿಸಿದೆ. ಕೆಲವು ಎಂಜಿನುಗಳಲ್ಲಿ ಟೈಮಿಂಗ್ ಬೆಲ್ಟ್ ಎಂಬ ಪಟ್ಟಿಯಿರುತ್ತದೆ. ನಿಗದಿತ ದೂರಕ್ಕೆ ಬದಲಾಯಿಸದೆ ಅದು ತುಂಡಾದರೆ ಎಂಜಿನಿನ ಒಳಗೆ ಕವಾಟಗಳು ಮುರಿದು ಹೋಗಬಹುದು. ಮೀಟರನ್ನು ನಂಬಿ "ಇನ್ನೂ ಸಮಯವಿದೆ" ಎಂದು ಕುಳಿತವನು ನಡುದಾರಿಯಲ್ಲಿ ನಿಲ್ಲುತ್ತಾನೆ, ನಾನು ಮಳೆಯಲ್ಲಿ ನಿಂತಂತೆ.

ಚೀಟಿಯೊಂದನ್ನೇ ನಂಬಿ ಜಗಳಕ್ಕೆ ಹೋಗುವುದು ಬೇಡವೆಂದು, ಆ ಕಾರು ತಯಾರಿಸಿದ ಕಂಪೆನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಆರ್.ಸಿ. ಪುಸ್ತಕ ಹಿಡಿದುಕೊಂಡು ಹೋದೆ. ಗಡಿನಾಡಿನವರು ವಿಶೇಷವಾಗಿ ತಿಳಿಯಬೇಕಾದ ಸಂಗತಿ ಇಲ್ಲಿದೆ. ಕೌಂಟರಿನ ಹುಡುಗಿ ನನ್ನ ಕೆ.ಎಲ್. 14 ನಂಬ್ರವನ್ನು ಒತ್ತಿ ನೋಡಿ, ಈ ಕಾರು ನಮ್ಮಲ್ಲಿಗೆ ಬಂದೇ ಇಲ್ಲ ಎಂದಳು. ಹೌದು, ಆ ನಂಬ್ರಕ್ಕೆ ಆಗ ಇನ್ನೂ ಎರಡು ತಿಂಗಳ ವಯಸ್ಸು ತುಂಬಿರಲಿಲ್ಲ. ಗಡಿ ದಾಟಿ ಬಂದ ಕಾರಿಗೆ ಹೊಸ ಹೆಸರಿಡುತ್ತೇವೆ. ಹಳೆಯ ಹೆಸರಿನೊಡನೆ ಹಳೆಯ ಚರಿತ್ರೆಯೂ ಕಣ್ಣಿಗೆ ಮರೆಯಾಗುತ್ತದೆ. ಆದರೆ ಚಾಸಿಸ್ ನಂಬ್ರ ಬದಲಾಗುವುದಿಲ್ಲ. ಅದನ್ನು ಹೇಳಿದ ಕೂಡಲೇ ಹನ್ನೊಂದು ಸರ್ವಿಸುಗಳ ಪಟ್ಟಿ ಹೊರಬಂದಿತು. 2014ರಿಂದ ಪ್ರತಿಯೊಂದು ಸಲವೂ ದಿನಾಂಕ, ಮೀಟರಿನ ಅಂಕೆ. ಕೊನೆಯದು 2021ರ ಆಗಸ್ಟಿನದು: 1,41,876. ನಾನು ಕೊಂಡಾಗಿನ ಅಂಕೆಯನ್ನು ಕಳೆದರೆ 83,556. ಕಡಿಮೆಯೆಂದರೂ ಅಷ್ಟು ಕಿಲೋಮೀಟರುಗಳನ್ನು ಅಳಿಸಿದ್ದರು. ಆ ಬಳಿಕದ ಒಂದೂವರೆ ವರ್ಷದ ಓಟ ಇದರಲ್ಲಿ ಸೇರಿಲ್ಲ.

ಆರ್.ಸಿ.ಯಲ್ಲಿದ್ದ ಹಿಂದಿನ ಯಜಮಾನರನ್ನು ಹೇಗೋ ಫೋನಿನಲ್ಲಿ ಹಿಡಿದೆ. ಅವರು ವೈದ್ಯರಲ್ಲ, ಊರೂರು ತಿರುಗುವ ವ್ಯಾಪಾರಿ. ತಾವು ಕೊಡುವಾಗ ಒಂದೂವರೆ ಲಕ್ಷ ದಾಟಿತ್ತೆಂದು ಸಂಕೋಚವಿಲ್ಲದೆ ಹೇಳಿದರು. ಅವರ ಕೈಯಿಂದ ಅಂಗಡಿಗೆ ಬರುವ ಮೊದಲು ಇಬ್ಬರು ದಲ್ಲಾಳಿಗಳ ಕೈ ದಾಟಿದೆ. ಯಾರ ಬೆರಳು ಆ ಅಂಕೆಯನ್ನು ತಿದ್ದಿತು ಎಂಬುದು ನನಗೆ ಇಂದಿಗೂ ತಿಳಿಯದು. ಅಂಗಡಿಗೆ ಹೋದಾಗ ಈ ಸಲ ಚಹಾ ಬರಲಿಲ್ಲ. "ನಮಗೆ ಬರುವಾಗಲೇ ಹಾಗಿತ್ತು. ಇದ್ದ ಹಾಗೆ ಕೊಂಡಿದ್ದೀರೆಂದು ಬಿಲ್ಲಿನ ಕೆಳಗೆ ಬರೆದಿದೆಯಲ್ಲ" ಎಂದರು. ನೋಡಿದರೆ ಬರೆದಿತ್ತು, ನನ್ನ ಕನ್ನಡಕಕ್ಕೂ ಕಷ್ಟವಾಗುವಷ್ಟು ಸಣ್ಣ ಅಕ್ಷರಗಳಲ್ಲಿ.

ಹೊರದೇಶಗಳಲ್ಲಿ ಈ ಪಿಡುಗು ಹಳೆಯದು. ಅಮೆರಿಕದಲ್ಲಿ 1972ರಲ್ಲಿಯೇ ಮೀಟರು ತಿರುಗಿಸುವುದನ್ನು ನಿಷೇಧಿಸುವ ಕಾನೂನು ಬಂತು. ಆದರೂ ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿದ ವಾಹನಗಳು ಸುಳ್ಳು ಅಂಕೆಯೊಡನೆ ಮಾರಾಟವಾಗುತ್ತವೆ ಎಂಬುದು ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆಯ ಅಂದಾಜು. 1987ರಲ್ಲಿ ಕ್ರೈಸ್ಲರ್ ಎಂಬ ದೊಡ್ಡ ಕಂಪೆನಿಯೇ, ತನ್ನ ಅಧಿಕಾರಿಗಳು ಮೀಟರಿನ ಸಂಪರ್ಕ ತಪ್ಪಿಸಿ ಓಡಿಸಿದ 60,000ಕ್ಕೂ ಹೆಚ್ಚು ಕಾರುಗಳನ್ನು ಹೊಸವೆಂದು ಮಾರಿದ ಆರೋಪಕ್ಕೆ ಒಳಗಾಗಿ, ಅದರ ಅಧ್ಯಕ್ಷ ಲೀ ಅಯಕೋಕ ಬಹಿರಂಗವಾಗಿ ತಪ್ಪೊಪ್ಪಿಕೊಳ್ಳಬೇಕಾಯಿತು. ನನಗೆ ಹೆಚ್ಚು ಮೆಚ್ಚಿಗೆಯಾದುದು ಪುಟ್ಟ ಬೆಲ್ಜಿಯಮಿನ ಏರ್ಪಾಡು. ಅಲ್ಲಿ 2006ರ ಕೊನೆಯಿಂದ ಪ್ರತಿಯೊಂದು ಗ್ಯಾರೇಜೂ ತನ್ನಲ್ಲಿಗೆ ಬಂದ ಕಾರಿನ ಅಂಕೆಯನ್ನು ಒಂದು ಕೇಂದ್ರಕ್ಕೆ ತಿಳಿಸಬೇಕು. ಹಳೆಯ ಕಾರು ಮಾರುವವನು ಆ ಚರಿತ್ರೆಯ ಪತ್ರವನ್ನು ಕೊಳ್ಳುವವನ ಕೈಗೆ ಕೊಡಲೇಬೇಕು. ನಮ್ಮ ಪ್ರವೇಶ ಪುಸ್ತಕದಂಥದೇ ಅದು.

ನಮ್ಮಲ್ಲಿ ಮೀಟರು ತಿರುಗಿಸುವುದನ್ನೇ ಹೆಸರಿಸಿ ದಂಡಿಸುವ ಪ್ರತ್ಯೇಕ ಕಾನೂನು ಇಲ್ಲ. ತಿಳಿದೂ ಮೋಸಗೊಳಿಸಿದರೆ ವಂಚನೆಯ ಅಪರಾಧವಾಗುತ್ತದೆ. ಅದು ಹಿಂದೆ ದಂಡಸಂಹಿತೆಯ 420ನೆಯ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು. ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆಯಬೇಕು, ತಮ್ಮಲ್ಲಿರುವ ವಾಹನ ಎಲ್ಲಿಗೆ ಏಕೆ ಎಷ್ಟು ಓಡಿತೆಂದು ದಾಖಲೆಯಿಡಬೇಕು ಎಂಬ ಕೇಂದ್ರ ನಿಯಮ 2023ರ ಎಪ್ರಿಲ್ 1ರಿಂದ ಜಾರಿಗೆ ಬಂದಿತು. ನಾನು ಕೊಂಡದ್ದು ಅದಕ್ಕೆ ಮೂರು ತಿಂಗಳು ಮೊದಲು!

ಆದರೆ ಸಾಮಾನ್ಯ ಕುಟುಂಬಸ್ಥನಿಗೆ ಹತ್ತಿರದ ದಾರಿ ಗ್ರಾಹಕ ಆಯೋಗ. ಸರಕಿನ ಗುಣಮಟ್ಟದ ಬಗೆಗೆ ಸುಳ್ಳು ಹೇಳಿ ಮಾರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾನೂನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಹಿಂದಿನ 1986ರ ಕಾನೂನಿನಲ್ಲಿ ಎದುರು ಪಕ್ಷದವನು ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ದೂರು ಕೊಡಬೇಕಾಗಿತ್ತು. ಮಂಗಳೂರಿನಲ್ಲಿ ಕೊಂಡವನು ಮಂಗಳೂರಿಗೇ ಅಲೆಯಬೇಕು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಗಡಿಯ ಆಚೆಗೆ ಹೋಗಿ ಕೊಂಡುಕೊಳ್ಳುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ, ಆದರೂ ನಮ್ಮಲ್ಲಿ ಇದನ್ನು ತಿಳಿದವರು ಬೆರಳೆಣಿಕೆಯಷ್ಟು ಮಂದಿ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಎರಡು ವರ್ಷಗಳೊಳಗೆ ಸಲ್ಲಿಸಬೇಕು. 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಮಾರ್ಗದರ್ಶನ ಮಾಡುತ್ತಾರೆ. ಇದೆಲ್ಲ ವ್ಯಾಪಾರಿಯಿಂದ ಕೊಂಡವರ ಮಾತು. ನೆರೆಮನೆಯವರಿಂದಲೋ ನೆಂಟರಿಂದಲೋ ಕೊಂಡಿದ್ದರೆ ಈ ಆಯೋಗ ಒದಗುವುದಿಲ್ಲ, ಪೊಲೀಸು ಅಥವಾ ಸಿವಿಲ್ ಕೋರ್ಟು ಮಾತ್ರ.

ನಾನು ಬಿಲ್ಲಿನ ಪ್ರತಿ, ಸರ್ವಿಸಿನ ಪಟ್ಟಿ, ಚೀಟಿಯ ಫೋಟೋ ಇವಿಷ್ಟನ್ನು ಲಗತ್ತಿಸಿ, ಕಾಸರಗೋಡಿನ ಜಿಲ್ಲಾ ಆಯೋಗಕ್ಕೆ ಹೋಗುವೆನೆಂದು ತಿಳಿಸಿ ಒಂದು ನೋಟೀಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಮೂರು ವಾರಗಳ ಮೇಲೆ ಅಂಗಡಿಯವರ ಫೋನು ಬಂದಿತು. ಮತ್ತೆ ಹಳೆಯ ಸೌಜನ್ಯ, ಮತ್ತೆ ತುಳು. 70,000 ರೂಪಾಯಿಗೆ ಮುಗಿಸೋಣವೆಂದರು. ಒಪ್ಪಿಕೊಂಡೆ. ನನ್ನ ಪತ್ನಿ ಇದನ್ನು ಇಂದಿಗೂ ಒಪ್ಪಿಲ್ಲ. "ನೀವು ಕೇಸು ನಡೆಸಿದ್ದರೆ ಮುಂದಿನವರಾದರೂ ಉಳಿಯುತ್ತಿದ್ದರು" ಎನ್ನುತ್ತಾಳೆ. ಅವಳ ಮಾತು ಸರಿ. ತಾಯಿಯವರ ಔಷಧಿ, ಕ್ಲಚ್ಚಿನ ಖರ್ಚು, ಜೂನ್ ತಿಂಗಳಿನ ಶಾಲೆಯ ಕೆಲಸ ಇವುಗಳ ನಡುವೆ ನನಗೆ ಆಗ ಬೇಕಾದದ್ದು ಹಣ.

ಇನ್ನೊಂದು ವಿಷಯವನ್ನು ಬರೆಯದೆ ಬಿಡಬಹುದಿತ್ತು. ಆ ವರ್ಷದ ನವರಾತ್ರಿಯ ಹೊತ್ತಿಗೆ ಬೇರೆ ಶಾಲೆಯ ಅಧ್ಯಾಪಕರೊಬ್ಬರು ಕಾರನ್ನು ನೋಡಿ ಮೆಚ್ಚಿ, ಮೂರು ಲಕ್ಷ ನಲವತ್ತು ಸಾವಿರಕ್ಕೆ ಕೊಡುವಿರಾ ಎಂದು ಕೇಳಿದರು. ಕ್ಲಚ್ಚು ಹೊಸದು, ಮೀಟರಿನಲ್ಲಿ ಇನ್ನೂ ಅರುವತ್ತೈದು ಸಾವಿರ. ಅಂದು ರಾತ್ರಿ ಅಳಿಯ ಬಂದು, "ಮಾವ, ಮೀಟರನ್ನು ನಾವು ಮುಟ್ಟಿಲ್ಲವಲ್ಲ. ಅವರಾಗಿ ಕೇಳಿದರೆ ಹೇಳಿ, ಕೇಳದಿದ್ದರೆ ಸುಮ್ಮನಿರಿ" ಎಂದ. ಆ ಎಪ್ಪತ್ತು ಸಾವಿರವನ್ನೂ ಸೇರಿಸಿದರೆ ನನಗೆ ಲಾಭವೇ ಆಗುತ್ತಿತ್ತು. ಆ ರಾತ್ರಿಯೆಲ್ಲ ನಾನು ಈ ಮಾತಿನ ಪರವಾಗಿ ಎಷ್ಟು ಯುಕ್ತಿಗಳನ್ನು ಹೊಂದಿಸಿದೆನೆಂಬುದು ನನಗೆ ಗೊತ್ತು. ಅಂಗಡಿಯವರೂ ಇದನ್ನೇ ಅಲ್ಲವೆ ಹೇಳಿದ್ದು, "ನಮಗೆ ಬರುವಾಗಲೇ ಹಾಗಿತ್ತು" ಎಂದು? ಬೆಳಿಗ್ಗೆ ಆ ಅಧ್ಯಾಪಕರು ಬಂದಾಗ ಸರ್ವಿಸಿನ ಪಟ್ಟಿಯನ್ನು ಅವರ ಮುಂದಿಟ್ಟೆ. ಅವರು ಪೂರ್ತಿ ಓದಿ, ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಎದ್ದು ಹೋದರು. ಮತ್ತೆ ಬರಲಿಲ್ಲ. ಅಳಿಯ ಎರಡು ವಾರ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.

ಹಳೆಯ ಕಾರು ಕೊಳ್ಳುವವರು ನನ್ನನ್ನು ಈಗ ಕೇಳುವುದುಂಟು. ಮಾತು ಮುಗಿಸುವ ಮೊದಲೇ ಚಾಸಿಸ್ ನಂಬ್ರವನ್ನು ಬರೆದುಕೊಂಡು, ಮಾರುವವನ ಒಪ್ಪಿಗೆಯಿಂದ ಸರ್ವಿಸ್ ಕೇಂದ್ರದಲ್ಲಿ ಚರಿತ್ರೆ ತೆಗೆಸಿರಿ ಎನ್ನುತ್ತೇನೆ. ಒಪ್ಪದವನ ಕಾರು ಬೇಡ. ಹೊದಿಕೆಗಳನ್ನು ಬಿಡಿಸಿ ನೋಡಿರಿ. ಟಯರಿನ ಮಗ್ಗುಲಲ್ಲಿ ನಾಲ್ಕು ಅಂಕೆಗಳಿರುತ್ತವೆ, ಮೊದಲ ಎರಡು ವಾರ, ಮತ್ತೆರಡು ವರ್ಷ. ಅಷ್ಟು ಕಡಿಮೆ ಓಡಿದ ಕಾರಿಗೆ ಟಯರು ಎಷ್ಟನೆಯದೆಂದು ಕೇಳಿರಿ. ಬಿಲ್ಲಿನಲ್ಲಿ ಮೀಟರಿನ ಅಂಕೆಯನ್ನು ಬರೆಸಿಕೊಳ್ಳಿರಿ. ಊರಿನ ಮೆಕ್ಯಾನಿಕನನ್ನು ಒಂದು ದಿನದ ಕೂಲಿ ಕೊಟ್ಟಾದರೂ ಜೊತೆಗೆ ಕರೆದೊಯ್ಯಿರಿ; ಮಾಷ್ಟ್ರನ್ನು ಕರೆದೊಯ್ದು ಪ್ರಯೋಜನವಿಲ್ಲ.

ಕಾರು ನಮ್ಮಲ್ಲಿಯೇ ಇದೆ. ತಾಯಿಯವರು ಅದರಲ್ಲಿಯೇ ಮಂಗಳೂರಿಗೆ ಹೋಗಿ ಬರುತ್ತಾರೆ. ಕಳೆದ ಸಲ ಆಯಿಲ್ ಬದಲಾಯಿಸಿದಾಗ ನನ್ನ ಹಳೆಯ ವಿದ್ಯಾರ್ಥಿ ಚೀಟಿಯನ್ನು ಹಿಡಿದು, "ಎಷ್ಟು ಬರೆಯಲಿ ಮಾಷ್ಟ್ರೇ?" ಎಂದು ಕೇಳಿದ. ಮೀಟರಿನ ಅಂಕೆಯನ್ನು ಬರೆಸಿ, ಅದರ ಕೆಳಗೆ ಕೂಡಿಸು ಚಿಹ್ನೆ ಹಾಕಿ 83,556 ಎಂದು ಬರೆಸಿದೆ. ಅವನು ಬೆರಳು ಮಡಿಸಿ ಮೊತ್ತ ಹಾಕಿದ. ಈ ಸಲ ತಪ್ಪಲಿಲ್ಲ.